ದೋಣಿಗೆ ಹಚ್ಚಿದ ಮೂರು ಪಟ್ಟೆ

ಅತ್ತಿಗೆಯ ಫೋನ್ ಬಂದಾಗ ನಾನು ಯಾರದೋ ಕುಬಸದ ತೋಳು ಬಿಚ್ಚುತ್ತಾ ಕೂತಿದ್ದೆ. "ನಿಮ್ಮಣ್ಣ ದೋಣಿ ಗುಜರಿಗೆ ಹಾಕ್ತಾರಂತೆ. ನಾ ಹೇಳ್ದೆ ಅನ್ಬ್ಯಾಡ ಮತ್ತೆ" ಎಂದು ಅಷ್ಟೇ ಹೇಳಿ ಇಟ್ಟುಬಿಟ್ಟಳು.

ಸಿಟ್ಟು ಬಂದರೆ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಮಾತು ಹೊರಡುತ್ತದೆ. ಅವತ್ತು ಎರಡೂ ಒಟ್ಟಿಗೆ ಆದವು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ತಾಸು. ಆ ಅರ್ಧ ತಾಸಿನ ದಾರಿಯಲ್ಲಿ ನಾನು ತವರಿಗೆ ಅಂತ ಹೋಗಿ ಎಂಟು ವರ್ಷವಾಗಿತ್ತು. ಅವತ್ತೂ ಹೋಗಲಿಲ್ಲ. ಓಣಿಯ ಮೂಲೆಯಲ್ಲಿ ನಿಲ್ಲುವ ಟೆಂಪೊದವನನ್ನು ಕರೆದು ಮನೆಯ ಗುರುತು ಹೇಳಿ, "ಹಿತ್ತಲಾಗ ಒಂದು ಅಲ್ಯೂಮಿನಿಯಂ ದೋಣಿ ಐತೆ, ಹೇರ್ಕೊಂಡು ಬಾ. ಯಾರಾದ್ರೂ ಕೇಳಿದ್ರ ತಂಗಿ ಕಳ್ಸ್ಯಾಳ ಅನ್ನು" ಎಂದು ಕಳಿಸಿದೆ.

ಆ ದೋಣಿ ನಮ್ಮಪ್ಪನದು. ಹೊಳೆಯನ್ನೇ ನಂಬಿಕೊಂಡಿದ್ದ ಮನೆ ನಮ್ಮದು. ಅಪ್ಪ ಮೊದಲು ಹರಿಗೋಲಿನಲ್ಲಿ ಬಲೆ ಬೀಸುತ್ತಿದ್ದ. ಬಿದಿರಿನ ಬುಟ್ಟಿಗೆ ತಟ್ಟು ಹೊಲಿದು ಡಾಂಬರು ಬಳಿದ ಹರಿಗೋಲು. ನನ್ನ ಮದುವೆಯಾಗಿ ಒಂದೆರಡು ವರ್ಷಕ್ಕೆ, ಹೊಳೆದಂಡೆಯಲ್ಲಿ ಪಂಪ್‌ಹೌಸ್ ಕಟ್ಟಲು ಬಂದಿದ್ದ ಕಂಟ್ರಾಕ್ಟರನೊಬ್ಬ ಕೆಲಸ ಮುಗಿಸಿ ಹೋಗುವಾಗ ತನ್ನ ಅಲ್ಯೂಮಿನಿಯಂ ದೋಣಿಯನ್ನು ಅಪ್ಪನಿಗೆ ಬಿಟ್ಟುಹೋದ. ಒಂದು ವರ್ಷವಿಡೀ ಅಪ್ಪ ಅವನ ಆಳುಗಳನ್ನು ಹೊಳೆ ದಾಟಿಸಿದ್ದಕ್ಕೆ ಅದು ಅವನ ಮರ್ಯಾದೆ. ಹರಿಹರದ ಹೊಳೆಯಲ್ಲಿ ಆಗ ಅಂಥದ್ದು ಇನ್ನೊಂದಿರಲಿಲ್ಲ. ಅಪ್ಪ ಮಾತು ಕಡಿಮೆಯವನು. ಆದರೆ ದೋಣಿಯನ್ನು ದಂಡೆಗೆ ಎಳೆದಾಗೊಮ್ಮೆ ಅದರ ಬೆನ್ನ ಮೇಲೆ ಎರಡು ಸಲ ತಟ್ಟಿಯೇ ಮನೆಗೆ ಬರುತ್ತಿದ್ದ.

ಅಪ್ಪನಿಗೆ ವಯಸ್ಸಾದ ಮೇಲೆ ದೋಣಿ ಅಣ್ಣನ ಕೈಗೆ ಬಂತು. ಒಂಬತ್ತು ವರ್ಷದ ಹಿಂದೆ, ಹೊಳೆ ತುಂಬಿದ್ದ ಕಾಲದಲ್ಲಿ ಬಲೆ ಹೇರಿಕೊಂಡು ಹೊರಟಿದ್ದ ಅಣ್ಣನ ದೋಣಿಗೆ ನಡುಹೊಳೆಯಲ್ಲಿ ಮುಂಭಾಗದಿಂದ ನೀರು ನುಗ್ಗಿತು. ಅಣ್ಣ ಈಜಿ ದಡ ಸೇರಿದ. ಬಲೆ ಹೋಯಿತು. ದೋಣಿ ಎರಡು ದಿನದ ಮೇಲೆ ಕೆಳಗಿನ ಬಂಡೆಗಳ ನಡುವೆ ಮೂತಿ ಜಜ್ಜಿಕೊಂಡು ಸಿಕ್ಕಿತು. ಅಪ್ಪ ಆಮೇಲೆ ಹೊಳೆಯ ಕಡೆ ಹೋಗಲಿಲ್ಲ. ಮಾರನೆಯ ವರ್ಷ ತೀರಿಹೋದ.

ಅಪ್ಪನ ಹನ್ನೊಂದನೆಯ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ನಾನು ಸಾರಿನ ಸೌಟು ಹಿಡಿದುಕೊಂಡೇ ಅಣ್ಣನಿಗೆ ಅಂದುಬಿಟ್ಟೆ: "ಅಪ್ಪನ ದೋಣಿನ ಬಂಡೆ ಮ್ಯಾಲೆ ಎಳೆದೆಳೆದು ತೂತು ಮಾಡ್ದೋನು ನೀನು. ದೋಣಿ ಹೋದ ದಿನಾನೇ ಅಪ್ಪ ಹೋದ." ಯಾರೋ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ಅಣ್ಣ ಎಲೆಯಿಂದ ತಲೆ ಎತ್ತಲಿಲ್ಲ. ಅನ್ನ ಕಲಸಿದ್ದ ಕೈ ಹಾಗೇ ನಿಂತಿತ್ತು. ಒಂದು ಮಾತೂ ಆಡಲಿಲ್ಲ. ತಪ್ಪು ಮಾಡಿದವನು ಇನ್ನೇನು ಮಾತಾಡುತ್ತಾನೆ ಅಂದುಕೊಂಡು ನಾನು ಅದೇ ಸಂಜೆ ದಾವಣಗೆರೆಗೆ ಬಂದೆ.

ಆವತ್ತಿನಿಂದ ಅಣ್ಣ ಹೊಳೆಗಿಳಿಯಲಿಲ್ಲ. ಬೇರೆಯವರು ಹಿಡಿದ ಮೀನು ತಂದು ಸಂತೆಯಲ್ಲಿ ಕೂತು ಮಾರುತ್ತಾನೆ. ಆದರೆ ಪ್ರತಿ ವರ್ಷ ನಾಗರಪಂಚಮಿಗೆ ನನ್ನನ್ನು ಕರೆಯಲು ಬರುವುದನ್ನು ಮಾತ್ರ ಬಿಡಲಿಲ್ಲ. ಅತ್ತಿಗೆ ಕಟ್ಟಿದ ಶೇಂಗಾ ಉಂಡಿಯ ಡಬ್ಬಿ, ಅರಿಶಿನ ಕುಂಕುಮ, ಒಂದು ಕುಬಸದ ಕಣ ಹಿಡಿದು ಗೇಟಿನ ಹೊರಗೆ ನಿಲ್ಲುತ್ತಿದ್ದ. "ನಡಿ ಊರಿಗೆ" ಅನ್ನುತ್ತಿದ್ದ. "ಹೊಲಿಯೋದು ಭಾಳ ಐತೆ" ಅನ್ನುತ್ತಿದ್ದೆ ನಾನು. ಒಳಗೆ ಬಾ ಎಂದು ಅರ್ಧ ಬಾಯಲ್ಲಿ ಕರೆಯುತ್ತಿದ್ದೆ. "ಹೊತ್ತಾತು, ಬರ್ತೀನಿ" ಎಂದು ಅವನು ತಿರುಗುತ್ತಿದ್ದ. ನಲವತ್ತು ವರ್ಷದಿಂದ ಊರಿನ ಕುಬಸ ಹೊಲಿದವಳು ನಾನು, ಅಣ್ಣ ತಂದ ಎಂಟು ಕಣಗಳಲ್ಲಿ ಒಂದನ್ನೂ ಹೊಲಿದುಕೊಂಡಿರಲಿಲ್ಲ. ಎಲ್ಲ ಟ್ರಂಕಿನಲ್ಲಿದ್ದವು.

ಟೆಂಪೊ ಬಂದಾಗ ಓಣಿಯ ಅರ್ಧ ಜನ ಹೊರಗೆ ಬಂದರು. ಅಷ್ಟು ವರ್ಷ ಕೋಳಿಗೂಡಿನ ಮೇಲೆ ಬೋರಲು ಬಿದ್ದಿದ್ದ ದೋಣಿ. ಒಳಗೂ ಹೊರಗೂ ಹಿಕ್ಕೆ, ಪಾಚಿ, ಒಂದು ಮೂಲೆಯಲ್ಲಿ ಗುಬ್ಬಿಗೂಡಿನ ಕಸ. ನಮ್ಮ ಕಾಂಪೌಂಡಿನಲ್ಲಿ ಸ್ಕೂಟರು ನಿಲ್ಲಿಸುವ ಜಾಗವನ್ನೆಲ್ಲ ನುಂಗಿ ಅದರ ಮೂತಿ ತುಳಸಿಕಟ್ಟೆಗೆ ತಾಗಿತು. ಎದುರುಮನೆಯಾಕೆ ಗೇಟಿನ ಮೇಲೆ ಗದ್ದ ಊರಿ, "ಏನ್ರಿ, ಭದ್ರಾ ನಾಲೆ ನಮ್ಮ ಓಣಿಗೆ ಬಿಡ್ತಾರಂತೇನು" ಎಂದಳು.

ನಮ್ಮ ಯಜಮಾನರು ಬಟ್ಟೆ ಅಂಗಡಿಯಲ್ಲಿ ದುಡಿದು ಈಗ ಮನೆಯಲ್ಲಿ ಕೂತವರು. ಅವರು ದೋಣಿಯನ್ನು ಒಂದು ಸುತ್ತು ಹಾಕಿ ಬಂದರು. "ಇದನ್ನ ಇಟ್ಕೊಂಡು ಏನ್ಮಾಡ್ತಿ?"

"ಸರಿ ಮಾಡ್ತೀನಿ."

"ಸರಿ ಮಾಡಿ?"

"ನಮ್ಮಣ್ಣಗ ತೋರಿಸ್ತೀನ್ರಿ. ಅವನು ಹಾಳ್ಮಾಡಿದ್ದನ್ನ ನಾ ಸರಿ ಮಾಡೀನಿ ಅಂತ."

ಅವರು ಸ್ಕೂಟರನ್ನು ಎದುರುಮನೆಯ ಕಾಂಪೌಂಡಿಗೆ ತಳ್ಳಿಕೊಂಡು ಹೋದರು. ನನ್ನ ಹಟದ ಬಗ್ಗೆ ಅವರಿಗೆ ತಿಳಿಯದ್ದೇನಿಲ್ಲ.

ದೋಣಿಯನ್ನು ಎರಡು ಹಳೆಯ ಹೊಲಿಗೆ ಮೇಜಿನ ಮೇಲೆ ಎತ್ತಿಸಿದೆ. ಹದಿನೈದು ದಿನ ತಿಕ್ಕಿದೆ. ಬೆಳ್ಳಿಬಣ್ಣದ ಪೇಂಟು ಪದರ ಪದರವಾಗಿ ಕೂತಿತ್ತು. ಅಣ್ಣ ಪ್ರತಿ ಬೇಸಿಗೆ ಒಂದು ಕೈ ಬಳಿಯುತ್ತಿದ್ದ. ತಂತಿ ಬ್ರಷ್ಷಿಗೆ ಪೇಂಟು ಎದ್ದಿತು, ಪಾಚಿಯ ಕಲೆ ಏಳಲಿಲ್ಲ. ಕೊನೆಗೆ ಹುಣಸೆಹಣ್ಣು ನೆನೆಸಿ, ಅನ್ನದ ತಪ್ಪಲೆ ತಿಕ್ಕುವಂತೆ ತಿಕ್ಕಿದೆ. ಅಂಗೈ ಅಗಲ ಬೆಳ್ಳಗಾದರೆ ಒಂದು ಲೋಟ ಚಹಾ ಕುಡಿಯುವುದು, ಮತ್ತೆ ಅಂಗೈ ಅಗಲ. ಕೈ ದುಡಿಯುತ್ತಿದ್ದರೂ ತಲೆ ಸುಮ್ಮನಿರುತ್ತಿರಲಿಲ್ಲ. ಅಣ್ಣ ಬಂದಾಗ ಏನೇನು ಅನ್ನಬೇಕು ಎಂದು ಮಾತು ಜೋಡಿಸುತ್ತಿದ್ದೆ. ಒಳ್ಳೊಳ್ಳೆಯ ಮಾತುಗಳೇ ಸಿಕ್ಕಿದ್ದವು. ಅವನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಪಂಚಮಿಗೆ ತವರಿಗೆ ಬಂದ ಮನೆಮಗಳು ದೋಣಿಗೆ ಸುಣ್ಣದ ಪಟ್ಟೆ ಎಳೆಯಬೇಕು. ಮೂತಿಯ ಎಡಕ್ಕೆ ಮೂರು, ಬಲಕ್ಕೆ ಮೂರು, ಅಡ್ಡಡ್ಡ. ಹರಿಗೋಲಿನ ಕಾಲದಲ್ಲಿ ಇದನ್ನು ನಮ್ಮ ಸೋದರತ್ತೆ ಮಾಡುತ್ತಿದ್ದಳು, ಆಮೇಲೆ ನಾನು. ಕರಿ ಡಾಂಬರಿನ ಮೇಲೆ ಬಿಳಿ ಪಟ್ಟೆ ಇದ್ದರೆ ಮಬ್ಬು ಬೆಳಕಿನಲ್ಲೂ ದೂರದಿಂದ ನಮ್ಮ ಹರಿಗೋಲು ಗುರುತು ಸಿಗುತ್ತಿತ್ತು. ಹೊಳೆಯವ್ವನಿಗೆ ನಮ್ಮ ಮನೆಯವರು ಎಂದು ತಿಳಿಯಲಿ ಅಂತ ಅವ್ವ ಹೇಳುತ್ತಿದ್ದಳು. ಸುಣ್ಣದ ಕಲ್ಲು ಅರಳಿಸಿ, ಗಂಜಿ ಕಲಸಿ, ಎರಡು ಪಟ್ಟೆಯ ನಡುವೆ ನಾಲ್ಕು ಬೆರಳು ಅಂತರ ಬಿಟ್ಟು ಎಳೆದು, ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಸುಣ್ಣ ಗಟ್ಟಿ ಹಿಡಿಯಲು ತಂಪು ಬೇಕಲ್ಲ.

ಅಲ್ಯೂಮಿನಿಯಂ ದೋಣಿ ಬಂದ ಮೇಲೂ ನಾನು ಬಿಡಲಿಲ್ಲ. ಆದರೆ ಅಣ್ಣನ ಪೇಂಟಿನ ಮೇಲೆ ಸುಣ್ಣ ನಿಲ್ಲುತ್ತಿರಲಿಲ್ಲ. ಅದಕ್ಕೆ ಇಟ್ಟಿಗೆ ಚೂರಿನಿಂದ ಆ ಪಟ್ಟೆಗಳ ಜಾಗದ ಪೇಂಟು ತಿಕ್ಕಿ ತೆಗೆದು, ಬರಿ ಲೋಹದ ಮೇಲೆ ಸುಣ್ಣ ಬಳಿದು ತಟ್ಟು ಹೊದಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ತಟ್ಟಿನ ಕೆಳಗೆ ಸಣ್ಣಗೆ ಚುಸ್ ಚುಸ್ ಅನ್ನುವ ಸದ್ದು ಬರುತ್ತಿತ್ತು. ಅವ್ವ ಕಿವಿ ಇಟ್ಟು ಕೇಳಿ, "ದೋಣಿ ಸುಣ್ಣ ಕುಡೀತೈತೆ, ಸಂತೋಷ ಆಗೈತೆ ಅದಕ್ಕ" ಅನ್ನುತ್ತಿದ್ದಳು. ಅವ್ವ ಹೋದ ಮೇಲೆ ನಾನೊಬ್ಬಳೇ ಕಿವಿ ಇಟ್ಟು ಕೇಳುತ್ತಿದ್ದೆ. ಒಂದು ಸಲ ಅಣ್ಣ, "ನೀ ಸುಣ್ಣ ಹಚ್ಚಿದ ಕಡೆ ಪೇಂಟ್ ಕೂಡ್ರಂಗಿಲ್ಲ ನೋಡು, ಉದುರ್ತೈತೆ" ಅಂದಿದ್ದ. "ನಿಂಗ ಬಳಿಯಾಕ ಬರಂಗಿಲ್ಲ" ಎಂದು ನಕ್ಕಿದ್ದೆ. ಸುಮಾರು ಇಪ್ಪತ್ತು ಪಂಚಮಿ ಹಾಗೆ ಕಳೆದವು.

ತಿಕ್ಕುವುದು ಮುಗಿದ ಮೇಲೆ ತೂತು ಹುಡುಕಬೇಕಿತ್ತು. ಮೂತಿಯ ಬಳಿ ಬಂಡೆಗೆ ಹರಿದ ಒಂದು ಗೇಣಿನ ಸೀಳು ಎದ್ದು ಕಾಣುತ್ತಿತ್ತು. ಸಣ್ಣವು ಕಾಣುವುದಿಲ್ಲ. ಹೊರಗಿನಿಂದ ನೀರು ಬರುವ ದಾರಿ ಗೊತ್ತಾಗಬೇಕೆಂದರೆ ಒಳಗಿನಿಂದ ನೀರು ಬಿಡಬೇಕು ಅನ್ನಿಸಿತು. ಸೀಳಿಗೆ ಬಟ್ಟೆ ತುರುಕಿ, ನಳ ಬಂದ ದಿನ ಪೈಪು ಹಾಕಿ ದೋಣಿ ತುಂಬತೊಡಗಿದೆ. "ಇನ್ನು ನಾಲ್ಕು ದಿನ ಕುಡಿಯೋ ನೀರು ದೋಣ್ಯಾಗ ಐತೆ, ಲೋಟ ತಗೊಂಡು ಬರ್ರಿ" ಎಂದು ಯಜಮಾನರು ಎದುರುಮನೆಗೆ ಕೇಳುವ ಹಾಗೆ ಹೇಳಿದರು.

ನೀರು ಏರಿದಂತೆ ಹೊರಮೈಯಲ್ಲಿ ಹನಿ ಮೂಡಿದವು. ನನ್ನ ಬಳಿ ಬಟ್ಟೆಗೆ ಗುರುತು ಹಾಕುವ ಮೇಣದ ಚಾಕ್‌ಪೀಸು ಇತ್ತು, ಗುಲಾಬಿ ಬಣ್ಣದ್ದು. ಹನಿ ಬಂದಲ್ಲಿ ಬಟ್ಟೆಯಿಂದ ಒರೆಸುವುದು, ಸುತ್ತ ಒಂದು ಸೊನ್ನೆ ಹಾಕುವುದು. ತಳದಲ್ಲಿ ಎರಡೋ ಮೂರೋ ಸಿಕ್ಕವು. ಮೂತಿಯ ಎಡಕ್ಕೆ ಬಂದಾಗ ಹನಿಯ ಪಕ್ಕ ಹನಿ, ಸೊನ್ನೆಯ ಪಕ್ಕ ಸೊನ್ನೆ. ಹಾಕುತ್ತಾ ಹಾಕುತ್ತಾ ಸೊಂಟ ನೋಯಿತೆಂದು ಎದ್ದು ಎರಡು ಹೆಜ್ಜೆ ಹಿಂದೆ ಬಂದೆ.

ಮೂರು ಸಾಲು ಕಂಡವು.

ಮೊದಲು ಮೊಳೆಯ ಸಾಲು ಇರಬೇಕು ಅಂದುಕೊಂಡೆ. ಅಲ್ಲಿ ಮೊಳೆಗಳಿರಲಿಲ್ಲ. ಬಲಕ್ಕೆ ಹೋದೆ. ಅಲ್ಲೂ ಹನಿಗಳು ಸಾಲಾಗಿ ಮೂರು ಗೆರೆ. ಬಂಡೆ ಹೀಗೆ ಕೊರೆಯುವುದಿಲ್ಲ, ಎಳೆದಾಡಿದರೆ ಇಷ್ಟು ನೇರ ಗೆರೆ ಬರುವುದಿಲ್ಲ. ನನ್ನ ಬಲಗೈ ತಾನಾಗಿ ಮುಂದೆ ಹೋಯಿತು. ಎರಡು ಗೆರೆಗಳ ನಡುವೆ ನಾಲ್ಕು ಬೆರಳು ಇಟ್ಟೆ. ಸರಿಯಾಗಿ ಕೂತವು. ಕೆಳಗಿನ ಗೆರೆಗೂ ಇಟ್ಟೆ. ಅಲ್ಲೂ ಕೂತವು.

ಯಜಮಾನರು ನಳ ಬಂದ್ ಮಾಡಿ, "ಏನಾತು?" ಎಂದರು. ಏನೂ ಇಲ್ಲ ಅಂದೆ. ಆ ದಿನ ನಾನು ಊಟ ಮಾಡಲಿಲ್ಲ. ತಲೆನೋವು ಎಂದು ಹೇಳಿ ಮಲಗಿದೆ. ಏನೋ ಆಕಸ್ಮಿಕ ಇರಬಹುದು, ಸುಣ್ಣಕ್ಕೂ ತೂತಿಗೂ ಏನು ಸಂಬಂಧ, ಗೋಡೆಗೆ ಬಳಿಯುವ ವಸ್ತು, ಎಲೆ ಅಡಿಕೆಗೆ ಹಚ್ಚಿ ತಿನ್ನುವ ವಸ್ತು, ಅದು ಲೋಹ ತಿನ್ನುತ್ತದೆಯೇ ಎಂದು ನನ್ನ ಪರವಾಗಿ ನಾನೇ ವಾದ ಮಾಡಿದೆ.

ಮಾರನೆಯ ದಿನ ಹಳೆಯ ಪಾತ್ರೆಗಳಿಗೆ ತೇಪೆ ಹಾಕುವ ಚಾಚಾ ಬಂದರು. ಪೇಟೆಯಲ್ಲಿ ಅವರದೊಂದು ಸಣ್ಣ ಅಂಗಡಿ. ಹೋಟೆಲಿನವರ ದೊಡ್ಡ ಅಲ್ಯೂಮಿನಿಯಂ ಡಬರಿಗಳೆಲ್ಲ ಅವರ ಕೈಯಲ್ಲೇ ಸರಿಯಾಗುವುದು. ತೇಪೆಗೆಂದು ನಾನೇ ಮೊದಲು ಹೇಳಿಬಂದಿದ್ದೆ. ಕನ್ನಡಕ ಹಣೆಗೇರಿಸಿ, ದೋಣಿಯ ಸೊನ್ನೆಗಳ ಮೇಲೆ ಉಗುರು ಆಡಿಸಿದರು. ಉಗುರಿಗೆ ಬಿಳಿ ಪುಡಿ ಹತ್ತಿತು.

"ಅಕ್ಕಾರೆ, ಇದರಾಗ ಸುಣ್ಣ ಗಿಣ್ಣ ನೆನೆಸಿದ್ರೇನ್ರಿ?"

ನಾನು ಅವರ ಉಗುರಿನ ಪುಡಿಯನ್ನೇ ನೋಡಿದೆ.

"ದೀಪಾವಳಿ ಮುಗಿದ್ ಮ್ಯಾಲೆ ನಮ್ ಅಂಗಡಿಗೆ ಇಂಥಾವು ಭಾಳ ಬರ್ತಾವ. ಮನಿಗೆ ಸುಣ್ಣ ಹೊಡೀಬೇಕಂತ ಅಲ್ಯೂಮಿನಿ ಬಕೆಟ್‌ನ್ಯಾಗ ಕಲಸಿ ಇಡ್ತಾರ. ತಳಾ ಎಲ್ಲ ಜಾಳಿಗಿ. ಅಲ್ಯೂಮಿನಿಗೂ ಸುಣ್ಣಕ್ಕೂ ದುಶ್ಮನಿ ಐತ್ರಿ."

"ಖರೇನೇ ಚಾಚಾ?" ಎಂದೆ. ನನ್ನ ದನಿ ನನಗೇ ಬೇರೆ ಕೇಳಿತು.

ಅವರು ತಮ್ಮ ಚೀಲದಿಂದ ಒಂದು ಹಳೆಯ ಅಲ್ಯೂಮಿನಿಯಂ ಮುಚ್ಚಳ ತೆಗೆದು, ಅರದಿಂದ ಸ್ವಲ್ಪ ಜಾಗ ಉಜ್ಜಿ, ಎಲೆ ಅಡಿಕೆಯ ಸುಣ್ಣದ ಡಬ್ಬಿಯಿಂದ ಒಂದು ಬೆರಳು ಸುಣ್ಣ ತೆಗೆದು ಅಲ್ಲಿ ಇಟ್ಟು, ಮೇಲೆ ನೀರು ಚಿಮುಕಿಸಿದರು. ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಚಹಾ ಬಂತು. ಚಹಾ ಮುಗಿಯುವ ಹೊತ್ತಿಗೆ ಸುಣ್ಣದ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು. ಚಾಚಾ ಮುಚ್ಚಳವನ್ನು ಎತ್ತಿ ನನ್ನ ಕಿವಿಯ ಹತ್ತಿರ ಹಿಡಿದರು. "ಕೇಳ್ರಿ, ತಿಂತೈತೆ."

ಚುಸ್ ಚುಸ್. ಅದೇ ಸದ್ದು. ಇಪ್ಪತ್ತು ವರ್ಷ ಕಿವಿ ಇಟ್ಟು ಕೇಳಿ ಸಂತೋಷಪಟ್ಟ ಸದ್ದು. ದೋಣಿ ಸುಣ್ಣ ಕುಡಿಯುತ್ತಿರಲಿಲ್ಲ, ಸುಣ್ಣ ದೋಣಿಯನ್ನು ತಿನ್ನುತ್ತಿತ್ತು. ಪೇಂಟು ಇದ್ದಿದ್ದರೆ ಅದಾದರೂ ಕಾಯುತ್ತಿತ್ತೇನೋ. ಅದನ್ನೂ ಇಟ್ಟಿಗೆಯಿಂದ ತಿಕ್ಕಿ ತೆಗೆದವಳು ನಾನು. ಬಲೆ ಹೇರಿದಾಗ ಕೆಳಗಿನ ಪಟ್ಟೆ ನೀರಿನೊಳಗೆ ಹೋಗುತ್ತಿತ್ತು. ಆ ದಿನ ನೀರು ಅಲ್ಲಿಂದಲೇ ನುಗ್ಗಿದ್ದು. ತುಂಬಿದ ಹೊಳೆಯ ನಡುವೆ ನನ್ನ ಅಣ್ಣ ಸತ್ತೇಹೋಗುತ್ತಿದ್ದ. ಅದೂ ನನ್ನ ಕೈಯಿಂದ. ಬದುಕಿ ಬಂದವನಿಗೆ ಹನ್ನೊಂದನೆಯ ದಿನ ನೆಂಟರೆಲ್ಲರ ಮುಂದೆ, ಕಲಸಿದ ಅನ್ನದ ಮುಂದೆ, ಆ ಮಾತು ಅಂದೆ.

ಚಾಚಾ ಮುಚ್ಚಳವನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. "ನಾಳೆಯಿಂದ ಕೆಲಸ ಹಿಡಿಯೋಣ್ರಿ" ಎಂದರು.

ಕೆಲಸ ಹಿಡಿದೆವು. ತೇಪೆಯ ಅಳತೆಗೆ ಕಾಗದ ಕತ್ತರಿಸುವ ಕೆಲಸ ನನ್ನದು. ಕುಬಸದ ಬೆನ್ನಿಗೂ ದೋಣಿಯ ಮೂತಿಗೂ ಒಂದೇ ಲೆಕ್ಕ, ಎರಡೂ ಬಾಗಿರುತ್ತವೆ. ಬಾಗಿದಲ್ಲಿ ಚೂರು ಕತ್ತರಿ ಕೊಟ್ಟರೆ ಹಾಳೆ ಮೈಗೆ ಕೂರುತ್ತದೆ. ಚಾಚಾ ನಾನು ಕತ್ತರಿಸಿದ ಕಾಗದ ನೋಡಿ, "ಅಕ್ಕಾರೆ, ಮೊದಲೇ ಸಿಕ್ಕಿದ್ರ ಪಾರ್ಟ್‌ನರ್ ಮಾಡ್ಕೊಂತಿದ್ದೆ" ಎಂದರು. ಅಲ್ಯೂಮಿನಿಯಂ ತಗಡಿನ ಆರು ಉದ್ದ ತೇಪೆ, ಸೀಳಿಗೊಂದು ಅಗಲದ್ದು, ತಳದ ತೂತುಗಳಿಗೆ ಎರಡು ಮೂರು ಸಣ್ಣವು. ನಡುವೆ ಅಂಟು, ಸುತ್ತ ಅಲ್ಯೂಮಿನಿಯಂ ಮೊಳೆ. ಹೊರಗಿನಿಂದ ಚಾಚಾ ಸುತ್ತಿಗೆ ಹೊಡೆಯುವಾಗ ಒಳಗಿನಿಂದ ಮೊಳೆಯ ತಲೆಗೆ ಭಾರ ಕೊಡಬೇಕು. ಅದಕ್ಕೆ ನನ್ನ ಇದ್ದಿಲ ಇಸ್ತ್ರಿಪೆಟ್ಟಿಗೆಯೇ ಸರಿಹೋಯಿತು. ದೋಣಿಯೊಳಗೆ ಮುದುಡಿ ಕೂತು ಎರಡು ಕೈಯಿಂದ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿಯುತ್ತಿದ್ದೆ. ಒಂದೊಂದು ಏಟೂ ಕೈಯಿಂದ ಹಲ್ಲಿಗೆ ಬರುತ್ತಿತ್ತು. ಕಣ್ಣಲ್ಲಿ ನೀರು ಬಂದರೆ ಸದ್ದಿನಿಂದ ಅನ್ನಲು ಅನುಕೂಲವಿತ್ತು.

ಪಂಚಮಿಗೆ ವಾರ ಉಳಿದಿದ್ದಾಗ ತೇಪೆ ಮುಗಿಯಿತು. ಮತ್ತೆ ನೀರು ತುಂಬಿಸಿದೆವು, ಒಂದು ಹನಿಯೂ ಬರಲಿಲ್ಲ. ಚಾಚಾ ಕೈ ಒರೆಸಿಕೊಂಡು, "ಇನ್ನ ಎರಡು ಕೈ ಪೇಂಟ್ ಹೊಡೆದ್ರ ತೇಪಿ ಹಾಕಿದ್ದು ಯಾರಿಗೂ ಗೊತ್ತಾಗಂಗಿಲ್ಲ" ಎಂದರು.

ಯಜಮಾನರು ಬೆಳ್ಳಿಬಣ್ಣದ ಡಬ್ಬಿ ತಂದೇ ಇಟ್ಟಿದ್ದರು. ಅಷ್ಟು ಹೊತ್ತಿಗೆ ಅವರಿಗೆ ಎಲ್ಲ ಹೇಳಿದ್ದೆ. ಅವರು ಬ್ರಷ್ಷನ್ನು ಡಬ್ಬಿಯ ಮೇಲೆ ಇಟ್ಟು ಮೆಲ್ಲಗೆ ಹೇಳಿದರು: "ಬಳಿದುಬಿಡು. ಆಗಿದ್ದು ಆಗೋತು. ನೀನು ದೋಣಿ ಸರಿ ಮಾಡಿದ್ದು ನೋಡಿದ್ರ ಅವನಿಗೂ ಸಂತೋಷ ಆಗ್ತೈತೆ. ಹಳೇದು ಕೆದಕಿ ಏನು?"

ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಇಲ್ಲದ್ದೇನಲ್ಲ. ಬಳಿದುಬಿಟ್ಟರೆ ನಾನು ಅಪ್ಪನ ದೋಣಿ ಉಳಿಸಿದ ಮಗಳು. ಅಣ್ಣ ಹಾಳು ಮಾಡಿದವನಾಗಿಯೇ ಉಳಿಯುತ್ತಾನೆ, ಎಂಟು ವರ್ಷದಿಂದ ಇದ್ದಾನಲ್ಲ, ಅಭ್ಯಾಸವಾಗಿರುತ್ತದೆ. ಎರಡು ದಿನ ಆ ಡಬ್ಬಿಯ ಸುತ್ತ ಓಡಾಡಿದೆ. ಒಂದು ಸಲ ಮುಚ್ಚಳವನ್ನೂ ತೆಗೆದೆ. ಅರವತ್ತು ದಾಟಿದ ಹೆಂಗಸಿಗೆ ತಪ್ಪು ಒಪ್ಪಿಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಕೊನೆಗೆ ಡಬ್ಬಿ ಮುಚ್ಚಿ ಅಟ್ಟಕ್ಕೆ ಏರಿಸಿದೆ. ದೋಣಿ ತೇಪೆಗಳನ್ನು ತೋರಿಸಿಕೊಂಡು ಹಾಗೇ ಕೂತಿತು.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಅಣ್ಣ ಬಂದ. ಎಂದಿನ ಹಾಗೆ ಗೇಟಿನ ಹೊರಗೆ, ಡಬ್ಬಿ ಮತ್ತು ಕಾಗದದಲ್ಲಿ ಸುತ್ತಿದ ಕಣ ಹಿಡಿದು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೋದ ವರ್ಷವೂ ಬೆಳ್ಳಗಿತ್ತೇನೋ, ನಾನು ನೋಡಿರಲಿಲ್ಲ. ಅವನ ಕಣ್ಣು ನನ್ನನ್ನು ದಾಟಿ ದೋಣಿಯ ಮೇಲೆ ಹೋಗಿ ನಿಂತಿತು.

"ಒಳಗ ಬಾ ಅಣ್ಣಾ" ಎಂದೆ. ಈ ಸಲ ಪೂರಾ ಬಾಯಿಂದ ಅಂದೆ. ಅವನು ಬರದಿದ್ದಾಗ ಗೇಟು ತೆಗೆದು ಅವನ ಕೈ ಹಿಡಿದು ಕರೆತಂದೆ. ದೋಣಿಯ ಮೂತಿಯ ಬಳಿ ನಿಲ್ಲಿಸಿ, ಅವನ ಬೆರಳುಗಳನ್ನು ಎರಡು ತೇಪೆಗಳ ನಡುವೆ ಇಟ್ಟೆ.

"ಬಂಡೆ ಅಲ್ಲ ಅಣ್ಣಾ. ನೀನಲ್ಲ. ನನ್ನ ಸುಣ್ಣ. ಪಟ್ಟೆ ಎಳೆದ ಕಡೆಯೆಲ್ಲ ತಿಂದೈತೆ. ನಾನೇ ತೂತು ಮಾಡೀನಿ. ಮಾಡಿ ನಿನ್ನ ಅಂದೆ." ಜೋಡಿಸಿಟ್ಟಿದ್ದ ಮಾತು ಇನ್ನೂ ಇದ್ದವು. ಬಾಯಿಗೆ ಬರಲಿಲ್ಲ.

ಅವನು ತೇಪೆಯನ್ನು ನೋಡುತ್ತಲೇ, "ಗೊತ್ತೈತೆ" ಎಂದ.

"ಏನು ಗೊತ್ತೈತೆ?"

"ಹೊಳೆಯಿಂದ ಎತ್ತಿ ತಂದ ದಿನ ಅಪ್ಪ ಇದನ್ನ ಬೋರಲು ಹಾಕ್ಸಿ ಕೆಳಗ ತೂರಿಕೊಂಡು ಕೂತ. ಬಿಸಿಲಿತ್ತಲ್ಲ. ತೂತಿನಾಗ ಬೆಳಕು ಸಾಲು ಹಿಡಿದು ಬರ್ತಿತ್ತು. ನನ್ನೂ ಕರೆದು ತೋರಿಸ್ದ. ಇದು ಹುಡುಗಿ ಪಟ್ಟೆ ಕಣೋ ಅಂದ." ಅಣ್ಣ ತೇಪೆಯ ಮೇಲೆ ಬೆರಳು ಆಡಿಸಿದ. "ಅವಳಿಗೆ ಹೇಳಬ್ಯಾಡ ಅಂದ. ಹೇಳಿದ್ರ ನೊಂದ್ಕೊಂಡು ಪಂಚಮಿಗೆ ಬರೋದು ಬಿಡ್ತಾಳ ಅಂದ."

ಹೊಲಿಗೆ ಮೇಜಿನ ಕಾಲು ಹಿಡಿದು ಕೂತೆ. "ಮತ್ತೆ ಆವತ್ತು ಎಲ್ಲರ ಮುಂದ ಅಂದಾಗಾದ್ರೂ ಹೇಳಬಾರದಿತ್ತೇನು?"

"ಅಪ್ಪ ಹೋಗಿ ಹನ್ನೊಂದು ದಿನಕ್ಕ ಅವನ ಮಾತು ಮುರೀಲೇನು?" ಎಂದ ಅಣ್ಣ. ಆಮೇಲೆ, ಸಿಟ್ಟಿಲ್ಲದೆ, ಸಂತೆಯಲ್ಲಿ ಮೀನಿನ ಬಗ್ಗೆ ಹೇಳುವ ದನಿಯಲ್ಲಿ, "ನಾ ಹೇಳ್ಲಿಲ್ಲ. ನೀ ಹಂಗೂ ಬರ್ಲಿಲ್ಲ" ಎಂದ.

ಅಳುವಾಗ ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಣ್ಣನ ಮೇಲೂ ಬಂತು, ಇಬ್ಬರೂ ಸೇರಿ ನನ್ನನ್ನು ಕಾಯ್ದಿದ್ದರಲ್ಲ ಎಂದು. ಯಾರೂ ನನ್ನನ್ನು ಕಾಯಬೇಕಿರಲಿಲ್ಲ. ಹೇಳಿದ್ದರೆ ಒಂದು ವರ್ಷ ಬರುತ್ತಿರಲಿಲ್ಲವೇನೋ. ಎರಡನೆಯ ವರ್ಷ ಬಂದೇ ಬರುತ್ತಿದ್ದೆ. ಅಣ್ಣ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗುಜರಿಗೆ ಹಾಕಲು ಹೊರಟಿದ್ದೂ ಅದಕ್ಕೇ ಎಂದ. ಹಿತ್ತಲಲ್ಲಿ ಕೋಣೆ ಕಟ್ಟಲು ಕೋಳಿಗೂಡು ಕೀಳಬೇಕಿತ್ತಂತೆ, ದೋಣಿ ಯಾರ ಕೈಗಾದರೂ ಸಿಕ್ಕು ತಿಕ್ಕಿದರೆ ಪಟ್ಟೆ ಕಾಣುತ್ತದಲ್ಲ ಅಂತ. ಟೆಂಪೊ ಬಂದಾಗ ಅವನು ಸಂತೆಯಲ್ಲಿದ್ದನಂತೆ; ತಿಕ್ಕುವವಳು ನಾನೇ ಆಗುತ್ತೇನೆಂದು ಅವನಿಗೆ ಹೊಳೆದಿರಲಿಲ್ಲ.

ಯಜಮಾನರು ಚಹಾ ತಂದರು. ಅಣ್ಣ ಎಂಟು ವರ್ಷದ ಮೇಲೆ ನಮ್ಮ ಮನೆಯ ಚಹಾ ಕುಡಿದ. ಕುಡಿಯುತ್ತಾ ತೇಪೆಯ ಮೊಳೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಿದ. "ಗಟ್ಟಿ ಕೂತೈತೆ" ಎಂದ. ಹೊಳೆ ಇಳಿದ ಮೇಲೆ ಟೆಂಪೊ ತರುತ್ತೇನೆ, ನೀರಿಗೆ ಬಿಡೋಣ ಎಂದ. ಬಿಡೋಣ ಅಂದದ್ದನ್ನು ಅವನ ಬಾಯಿಂದ ಇನ್ನೊಂದು ಸಲ ಕೇಳಬೇಕು ಅನ್ನಿಸಿತು, ಆದರೆ ಮತ್ತೆ ಹೇಳು ಅನ್ನಲಿಲ್ಲ.

ಏಳುವಾಗ ಲೋಟ ಕೆಳಗಿಟ್ಟು, ದೋಣಿಯ ಬೆನ್ನ ಮೇಲೆ ಎರಡು ಸಲ ತಟ್ಟಿದ. ಗೇಟಿನ ಹೊರಗೆ ಹೋಗಿ ನಿಂತ. "ಹೊತ್ತಾತು" ಎಂದ. ಆಮೇಲೆ ಪ್ರತಿ ವರ್ಷ ಅನ್ನುವ "ಬರ್ತೀನಿ" ಅನ್ನಲಿಲ್ಲ. ಬೆನ್ನು ತಿರುಗಿಸಿ, ಓಣಿ ನೋಡುತ್ತಾ ನಿಂತೇ ಇದ್ದ.

ನಾನು ಒಳಗೆ ಹೋಗಿ ಸೀರೆ ಬದಲಿಸಿದೆ. ಟ್ರಂಕು ತೆಗೆದು ಎಂಟು ಕಣಗಳನ್ನೂ, ಅವತ್ತು ತಂದ ಒಂಬತ್ತನೆಯದನ್ನೂ ಚೀಲಕ್ಕೆ ಹಾಕಿಕೊಂಡೆ. ತವರಿನಲ್ಲಿ ಅತ್ತಿಗೆಯ ಹೊಲಿಗೆ ಮಷಿನ್ ಇದೆ, ಅಲ್ಲೇ ಕೂತು ಹೊಲಿದುಕೊಳ್ಳಬಹುದು.